ವಾರ್ಸಾದ ಕೆಫೆಯಲ್ಲಿ ಎರಡು ಪಿಯಾನೋ

ಇಟಲಿಯ ಪಿಟೀಲು ವಾದಕ ಪಗನಿನಿಯ ಇಪ್ಪತ್ನಾಲ್ಕನೆಯ ಕೆಪ್ರೀಸನ್ನು (ಒಂಟಿ ಪಿಟೀಲಿನ ಚುರುಕಾದ ಕಿರುಕೃತಿ) ಆಧರಿಸಿ ಪೋಲೆಂಡಿನ ಸಂಗೀತ ರಚನಕಾರ ವಿಟೋಲ್ಡ್ ಲುಟೊಸ್ಲಾವ್‌ಸ್ಕಿ 1941ರಲ್ಲಿ ಎರಡು ಪಿಯಾನೋಗಳಿಗೆಂದು ರಚಿಸಿದ ವೇರಿಯೇಷನ್‌ಗಳನ್ನು (ಒಂದೇ ಧಾಟಿಯನ್ನು ಬಗೆಬಗೆಯಾಗಿ ಬದಲಿಸುವ ರಚನೆಗಳು) ಇಂದು ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಐದಾರು ನಿಮಿಷಗಳ ಈ ಕೃತಿಯ ಬೆನ್ನಿಗೆ ದೊಡ್ಡದೊಂದು ಕಥೆಯಿದೆ. ನಾಜಿಗಳ ವಶದಲ್ಲಿದ್ದ ವಾರ್ಸಾದಲ್ಲಿ ಪೋಲಿಷರ ಸಾರ್ವಜನಿಕ ಸಂಗೀತ ಕಛೇರಿಗಳಿಗೆ ಅವಕಾಶವಿರದಿದ್ದ ಕಾರಣ, ಲುಟೊಸ್ಲಾವ್‌ಸ್ಕಿ ಅವರೂ ಗೆಳೆಯ, ಸಂಗೀತ ರಚನಕಾರ ಆಂಡ್ಜೆಯ್ ಪಾನುಫ್ನಿಕ್ ಅವರೂ ಕೆಫೆಗಳಲ್ಲಿ ಜೊತೆಯಾಗಿ ನುಡಿಸಿ ಹೊಟ್ಟೆ ಹೊರೆಯುತ್ತಿದ್ದರು. ಅದಕ್ಕೆಂದು ಸಿದ್ಧಪಡಿಸಿದ್ದ ಇತರರ ಕೃತಿಗಳ ಇನ್ನೂರರಷ್ಟು ರೂಪಾಂತರಗಳು ನಾಜಿಗಳ ವಿರುದ್ಧ ನಡೆದ 1944ರ ದಂಗೆಯ ಕಾಲದಲ್ಲಿ ನಾಶವಾಗಿ, ಉಳಿದದ್ದು ಇದೊಂದೇ.

ಪಿಟೀಲಿನ ಸ್ವರ ಮೆಲ್ಲನೆ ಅರಳಬಲ್ಲದು. ಪಿಯಾನೋದಲ್ಲಾದರೋ ಸುತ್ತಿಗೆ ತಂತಿಗೆ ಬಡಿದ ಕೂಡಲೇ ಸ್ವರ ತನ್ನ ಪೂರ್ಣ ಬಲವನ್ನು ತಲುಪಿ ಕ್ಷೀಣಿಸತೊಡಗುವುದರಿಂದ, ಇಬ್ಬರ ಬೆರಳುಗಳ ನಡುವೆ ಕೂದಲೆಳೆಯಷ್ಟು ಅಂತರವಾದರೂ ಅದನ್ನು ಮುಚ್ಚಿಡಲಾಗದು. ಸಾಮಾನ್ಯವಾಗಿ ವಾದ್ಯಗಳನ್ನು ಎದುರುಬದುರಾಗಿ ಇರಿಸುವ ಕಾರಣ ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವುದೂ ಇಲ್ಲ. ಉಸಿರು ಮತ್ತು ತಲೆಯ ಸಣ್ಣ ಅಲುಗಾಟಗಳೇ ಸನ್ನೆ. ಇಷ್ಟು ಇಕ್ಕಟ್ಟಿನಲ್ಲಿ, ಒಬ್ಬರು ನುಡಿಸಿದ್ದನ್ನು ಮರುಕ್ಷಣ ಇನ್ನೊಬ್ಬರು ಕಸಿದುಕೊಳ್ಳುವಂತೆ ಬರೆದಿರುವುದು ತುಂಟತನವೇ ಸರಿ.

1978ರಲ್ಲಿ ಲುಟೊಸ್ಲಾವ್‌ಸ್ಕಿ ಅವರೇ ಇದನ್ನು ಪಿಯಾನೋ ಮತ್ತು ಆರ್ಕೆಸ್ಟ್ರಾಗೆ ಹೊಂದಿಸಿದರು. ಅದು ಹೆಚ್ಚು ವರ್ಣಮಯವಾಗಿದ್ದರೂ, ಎರಡು ಪಿಯಾನೋಗಳ ಒಣ, ಚೂಪಾದ ಜಗಳವೇ ನನಗೆ ಪ್ರಿಯ. ಹೊಸದಾಗಿ ಕೇಳುವವರು ಮೊದಲ ಬಾರಿ ಎಡಗಿವಿಯ ಪಿಯಾನೋವನ್ನಷ್ಟೇ ಹಿಂಬಾಲಿಸಿ, ಆಮೇಲೆ ಬಲಗಿವಿಯದನ್ನು ಕೇಳುವುದು ಒಳ್ಳೆಯದು.