ಸೊಸೆಗೆ ಸಲ್ಲಬೇಕಾದ ಮಾತು

ಕುಟುಂಬದ ಚಿತ್ರ ಎಂದೊಡನೆ ನಮಗೆ ನೆನಪಾಗುವುದು ಅಣ್ಣತಮ್ಮಂದಿರ ಹಿಸ್ಸೆಯ ಜಗಳ ಮತ್ತು ಕೊನೆಗೆ ಎಲ್ಲರೂ ಒಂದಾಗುವ ದೃಶ್ಯ. ಈ ಮಳೆಗಾಲ ಸಾಗರದ ನಮ್ಮ ಮನೆಯಲ್ಲಿ ಜಪಾನಿನ ಯಾಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ (1953) ಹಾಗೂ ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002) ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿದಾಗ, ಎರಡರಲ್ಲೂ ಮನೆಯ ಭಾರ ಹೊತ್ತವಳು ಹೊರಗಿನಿಂದ ಬಂದ ಸೊಸೆಯೇ ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು.

‘ಟೋಕಿಯೊ ಸ್ಟೋರಿ’ಯಲ್ಲಿ ಒನೊಮಿಚಿ ಎಂಬ ಊರಿನ ವೃದ್ಧ ದಂಪತಿ ಮಕ್ಕಳನ್ನು ನೋಡಲು ಟೋಕಿಯೊಗೆ ಬರುತ್ತಾರೆ. ವೈದ್ಯನಾದ ಮಗನಿಗೆ ರೋಗಿಗಳು, ಕೇಶಾಲಂಕಾರದ ಅಂಗಡಿ ನಡೆಸುವ ಮಗಳಿಗೆ ಗಿರಾಕಿಗಳು. ಕಡೆಗೆ ಇಬ್ಬರೂ ಸೇರಿ ದುಡ್ಡು ಹಾಕಿ ಹೆತ್ತವರನ್ನು ಅಟಾಮಿಯ ಬಿಸಿನೀರಿನ ಬುಗ್ಗೆಗಳ ಊರಿಗೆ ಸಾಗಹಾಕುತ್ತಾರೆ. ಓಜು ಇವರನ್ನು ದುಷ್ಟರೆಂದು ತೋರಿಸುವುದಿಲ್ಲ, ಮತ್ತು ಅದೇ ಹೆಚ್ಚು ಚುಚ್ಚುತ್ತದೆ. ಅಡಿಕೆ ತೋಟದ ದೊಡ್ಡ ಮನೆಗಳಲ್ಲಿ ಮುದುಕರಿಬ್ಬರೇ ಉಳಿದಿರುವ ನಮ್ಮ ಕಡೆ, ಬೆಂಗಳೂರಿನ ಮಕ್ಕಳ ಮನೆಗೆ ಹೋದವರು ವಾರದೊಳಗೆ ‘ಕೊಟ್ಟಿಗೆ ನೋಡುವವರಿಲ್ಲ’ ಎಂದು ನೆಪ ಹೇಳಿ ಹಿಂತಿರುಗುವುದನ್ನು ಯಾರು ಕಂಡಿಲ್ಲ? ಕಚೇರಿಗೆ ರಜೆ ಹಾಕಿ ಅವರಿಗೆ ಊರು ತೋರಿಸುವವಳು ನೊರಿಕೊ, ಯುದ್ಧದಲ್ಲಿ ಇಲ್ಲವಾದ ಮಗನ ಹೆಂಡತಿ. ಅತ್ತೆ ತೀರಿಕೊಂಡ ಮೇಲೆ ಮಾವ ಆಕೆಯ ಗಡಿಯಾರವನ್ನು ನೊರಿಕೊಳ ಕೈಗಿತ್ತು, ಹೆತ್ತ ಮಕ್ಕಳಿಗಿಂತ ನೀನೇ ಹೆಚ್ಚು ಮಾಡಿದೆ, ಇನ್ನು ಮರುಮದುವೆಯಾಗು ಎನ್ನುತ್ತಾನೆ. ಅವಳಾದರೋ, ಗಂಡನ ನೆನಪಿಲ್ಲದೆಯೇ ದಿನಗಳು ಕಳೆಯುತ್ತವೆ, ನೀವು ತಿಳಿದಷ್ಟು ಒಳ್ಳೆಯವಳಲ್ಲ ನಾನು ಎಂದು ಅಳುತ್ತಾಳೆ. ತ್ಯಾಗಮಯಿ ಸೊಸೆಯ ಗೊಂಬೆಯಾಗಿಬಿಡಬಹುದಿದ್ದ ಪಾತ್ರಕ್ಕೆ ಜೀವ ಬರುವುದು ಈ ಮಾತಿನಿಂದ.

‘ದ್ವೀಪ’ದ ನಾಗಿಗೆ ಅಂಥ ಮಾವನಾಗಲಿ, ಅಂಥ ಮಾತಾಗಲಿ ಸಿಗುವುದಿಲ್ಲ. ನಮ್ಮ ಸಾಗರದವರೇ ಆದ ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿದ, ಸ್ವರ್ಣಕಮಲ ಪಡೆದ ಈ ಚಿತ್ರದಲ್ಲಿ ಸೌಂದರ್ಯ ನಾಗಿಯಾಗಿದ್ದಾರೆ, ನಿರ್ಮಾಪಕಿಯೂ ಅವರೇ. ಅಣೆಕಟ್ಟಿನ ನೀರು ಗುಡ್ಡವನ್ನು ಸುತ್ತುವರಿಯುತ್ತಿರುವಾಗ ಮನೆಯನ್ನೂ ಗಂಡನ ಧೈರ್ಯವನ್ನೂ ಕುಸಿಯದಂತೆ ಹಿಡಿದವಳು ಅವಳು. ಮಳೆ ಹಿಂದೆಗೆದ ಮೇಲೆ ಗಂಡ ಗಣಪ ಎಲ್ಲವನ್ನೂ ದೇವರ ಲೆಕ್ಕಕ್ಕೆ ಬರೆದುಬಿಡುತ್ತಾನೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದ ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳು ನಮ್ಮ ಸುತ್ತಮುತ್ತ ಇದ್ದಾರೆ. ಆದ್ದರಿಂದ ಇಲ್ಲಿ ಈ ಚಿತ್ರವನ್ನು ಮುಳುಗಡೆಯ ಕಥೆಯಾಗಿ ಮಾತ್ರ ನೋಡುವುದು ಸಹಜ, ಆದರೆ ಅಷ್ಟೇ ಎಂದುಕೊಂಡರೆ ಅರ್ಧ ಚಿತ್ರ ಕೈತಪ್ಪುತ್ತದೆ.

ಓಜು ಅವರ ಮಾವ ನನ್ನನ್ನು ಅಳಿಸಿದ್ದು ನಿಜ. ಆದರೂ ನನಗೆ ಹೆಚ್ಚು ನಂಬಿಕೆ ಬರುವುದು ಕಾಸರವಳ್ಳಿಯವರ ನಿಷ್ಠುರತೆಯ ಮೇಲೆ, ಏಕೆಂದರೆ ಮನೆ ನಡೆಸಿದವಳಿಗೆ ಬಾಯಿಬಿಟ್ಟು ಮೆಚ್ಚುಗೆ ಹೇಳುವ ರೂಢಿ ನಮ್ಮ ಮನೆಗಳಲ್ಲಿ ಇಲ್ಲವೇ ಇಲ್ಲ ಎನ್ನಬೇಕು. ‘ದ್ವೀಪ’ ಮುಗಿದ ಮೇಲೆ ನಾವು ಗಂಡಸರು ಪರಿಹಾರದ ಹಣ, ಶರಾವತಿಯ ನೀರಿನ ಮಟ್ಟ ಎಂದು ಬಹಳ ಹೊತ್ತು ಚರ್ಚಿಸಿದೆವು. ಗಣಪನಿಗೆ ಒಂದು ಮಾತು ಆಡಲು ಏನಾಗಿತ್ತು ಎಂದು ಕೇಳಿದವರು ಅತ್ತಿಗೆ ಒಬ್ಬರೇ.