ಬೇರಿಂಗ್ ಹೋಗಿದೆ ನೋಡು

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರು ವರ್ಷವಾಯಿತು. ಆಫೀಸಿನಲ್ಲಿ ಬಿಬಿಸಿ ಟಿವಿಯ ಹಳೇ ಸೀರಿಯಲ್ ‘ಡಾಕ್ಟರ್ ಹೂ’ ಮಾತು ಬಂದರೆ ನನಗೆ ತಲೆಬುಡ ಗೊತ್ತಾಗುತ್ತಿರಲಿಲ್ಲ. ನೋಡಿದರೆ ಮೊದಲಿನಿಂದಲೇ ನೋಡಬೇಕು ಅಂತ ಹಠ ನನ್ನದು. ಮೊದಲು ಅಂದರೆ 1963, ಕಪ್ಪು ಬಿಳುಪು. ಒಬ್ಬನೇ ಕೂತೆ. ಅರ್ಧಕ್ಕೇ ನಿದ್ದೆ ಬಂತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಭಾನುವಾರ ಊರಿಗೆ ವಿಡಿಯೊ ಕಾಲ್ ಮಾಡಿದಾಗ ಸುಮ್ನೆ ಫೋನನ್ನು ಟಿವಿ ಕಡೆ ತಿರುಗಿಸಿದೆ. ಇಲ್ಲಿ ಮಧ್ಯಾಹ್ನ ಎರಡು, ಗೌರಿಬಿದನೂರಿನಲ್ಲಿ ರಾತ್ರಿ ಏಳೂವರೆ. ಅಪ್ಪ ಮೂವತ್ತು ವರ್ಷ ಮೋಟರ್ ರಿವೈಂಡಿಂಗ್ ಅಂಗಡಿ ನಡೆಸಿದವರು. ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನೇ ಕಥೆ ಹೇಳುತ್ತಾ ಹೋದೆ. ಒಬ್ಬ ಮೇಷ್ಟ್ರು, ಒಬ್ಬ ಮೇಡಂ ತಮ್ಮ ಶಾಲೆಯ ಹುಡುಗಿಯನ್ನು ಹುಡುಕಿಕೊಂಡು ಗುಜರಿ ಅಂಗಳಕ್ಕೆ ಬರುತ್ತಾರೆ. ಅಲ್ಲೊಂದು ಪೊಲೀಸ್ ಗೂಡು, ಪೊಲೀಸರಿಗೆ ಫೋನ್ ಮಾಡೋಕೆ ಬೀದಿಯಲ್ಲಿ ಇಡುತ್ತಿದ್ದ ಪುಟ್ಟ ಪೆಟ್ಟಿಗೆ. ಒಳಗೆ ಹೋದರೆ ಮದುವೆ ಛತ್ರದಷ್ಟು ಜಾಗ! ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಗಾಡಿ ಅದು.

“ರೇವತಿ ಅಪ್ಪ ಬ್ರಹ್ಮಲೋಕಕ್ಕೆ ಹೋಗಿ ಬರೋಷ್ಟರಲ್ಲಿ ಇಲ್ಲಿ ಯುಗಗಳೇ ಕಳೆದಿರಲಿಲ್ವಾ, ಅದೇ ತಾನೆ?” ಅಂತ ಅಮ್ಮ ಅಡುಗೆಮನೆಯಿಂದಲೇ ಕೇಳಿದರು.

ಗಾಡಿ ಹೊರಟಿತು. ದಮ್ಮು ಹತ್ತಿದವರ ಹಾಗೆ ಗೊರ್ರ್, ಗೊರ್ರ್ ಅಂತ ಸದ್ದು. ಅಪ್ಪ ನೆಟ್ಟಗೆ ಕೂತರು.

“ಲೋ, ಬೇರಿಂಗ್ ಹೋಗಿದೆ ನೋಡು!”

ಆ ಸದ್ದು ಹುಟ್ಟಿದ್ದು ಹೇಗೆ ಅಂತ ಆಮೇಲೆ ಓದಿ ಹೇಳಿದೆ. ಬಿಬಿಸಿಯ ಬ್ರಯಾನ್ ಹಾಡ್ಜ್‌ಸನ್ ಹಳೇ ಪಿಯಾನೊ ತಂತಿ ಮೇಲೆ ಮನೆ ಬೀಗದ ಕೈ ಎಳೆದು ಅದನ್ನು ಟೇಪಿಗೆ ಹಿಡಿದಿದ್ದರು. ಅಪ್ಪನಿಗೆ ಇಡೀ ಸೀರಿಯಲ್ಲಿಗಿಂತ ಇದೇ ಹಿಡಿಸಿತು. ತಂತಿಗೂ ಆಕಾಶಕ್ಕೂ ನಂಟು ನಮ್ಮೂರಿಗೆ ಹೊಸದಲ್ಲ ಬಿಡಿ. ಊರಾಚೆ ಕಂಬ ನೆಟ್ಟು ಸಾಲುಸಾಲು ತಂತಿ ಕಟ್ಟಿದ ರೇಡಿಯೊ ಟೆಲಿಸ್ಕೋಪ್ 1976ರಿಂದ ಇದೆ. ಚಿಕ್ಕವನಿದ್ದಾಗ ಬಟ್ಟೆ ಒಣಗಿಸೋಕೆ ಅಂದುಕೊಂಡಿದ್ದೆ.

ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು. ಆಗ ಅವರಿಗೆ 24 ವರ್ಷ. ಟೇಪ್ ಕತ್ತರಿಸಿ ಜೋಡಿಸೋದು ದುಬಾರಿ, ಹಾಗಾಗಿ ನಾಟಕದ ಹಾಗೆ ಒಂದೇ ಸಮನೆ ಆಡಿಸುತ್ತಿದ್ದರು. ಆ ಗಾಡಿಯ ಯಜಮಾನ ಡಾಕ್ಟರ್, ಆ ಪಾತ್ರದ ವಿಲಿಯಂ ಹಾರ್ಟ್‌ನೆಲ್ ಮಾತು ತಪ್ಪಿದರೂ ಎಷ್ಟೋ ಸಲ ಅದು ಹಾಗೇ ಉಳಿಯುತ್ತಿತ್ತು.

“ನಮ್ಮ ಕುರುಕ್ಷೇತ್ರದಲ್ಲಿ ದುರ್ಯೋಧನ ಮರೆತರೆ ಹಾರ್ಮೋನಿಯಂ ಮೇಷ್ಟ್ರು ಎತ್ತಿಕೊಡ್ತಾರೆ,” ಅಂದರು ಅಪ್ಪ. “ಪಾಪ, ಇವನಿಗೆ ಯಾರೂ ಇಲ್ಲ.”

ನಂತರದ ಮೂರು ಕಂತು ಶಿಲಾಯುಗದಲ್ಲಿ ಬೆಂಕಿಗಾಗಿ ಜಗಳ. ನಾನು ಪಾತ್ರೆ ತೊಳೆದೆ. ಎರಡನೇ ಕಥೆಯಲ್ಲಿ ಡಾಲೆಕ್ ಬಂದವು. ಲೋಕ ನಡುಗಿಸುವ ಯಂತ್ರ, ಕೈಯಲ್ಲಿ ಮಾತ್ರ ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು. ನಗು ಬಂತು. ಆದರೆ ಆ ಗೀರು ದನಿಗೆ ನಿಜಕ್ಕೂ ಮೈ ಜುಮ್ಮೆಂದಿತು.

ಈಗ ಪ್ರತಿ ಭಾನುವಾರ ಒಂದೊಂದೇ ಕಂತು. ಹೋದ ವಾರ ನಾಲ್ಕನೇ ಕಥೆ ಹುಡುಕಿದರೆ ಸಿಗಲೇ ಇಲ್ಲ. ಮಾರ್ಕೊ ಪೋಲೊ ಕಥೆ ಅದು, ಏಳು ಕಂತು. ಟೇಪ್ ದುಬಾರಿ, ಜಾಗ ಕಡಿಮೆ ಅಂತ ಬಿಬಿಸಿ ಆ ಕಾಲದಲ್ಲಿ ಹಳೆಯದನ್ನೆಲ್ಲ ಅಳಿಸಿ ಮತ್ತೆ ಬಳಸುತ್ತಿತ್ತಂತೆ. ಹೀಗೆ ಹೋದ ಕಂತುಗಳು 90ಕ್ಕೂ ಜಾಸ್ತಿ. ಎಂಥಾ ಜನ ಅಂತ ನಾನು ಬೈದುಕೊಂಡೆ.

ಅಪ್ಪ ನಕ್ಕರು. “ನಿಮ್ಮಜ್ಜಿ ಸೋಬಾನೆ ಹೇಳಿದ್ದ ಕ್ಯಾಸೆಟ್ ಮೇಲೆ ನಾನು ಸಿನಿಮಾ ಹಾಡು ತುಂಬಿಸಿರಲಿಲ್ವಾ, ಹಂಗೇ.”

ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು.

“ಯಾವ ಕ್ಯಾಸೆಟ್ಟು?”