ಪಕ್ಕದ ಲಾಟಿನ ರೇಟು

2021ರ ಆಗಸ್ಟ್. ಶಿಡ್ಲಘಟ್ಟದ ಹತ್ತಿರ ಮಾವನ ಹಳ್ಳಿಯಲ್ಲಿದ್ದೆ. ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಎದ್ದಿದ್ದವು. ಆ ಹೊತ್ತಿನಲ್ಲಿ ಅವುಗಳ ಹಸಿವು ಹೇಳತೀರದು. ಹಿಪ್ಪುನೇರಳೆ ಸೊಪ್ಪು ಹಾಕಿದರೆ ಮಳೆ ಹನಿದ ಹಾಗೆ ಸರಸರ ಸದ್ದು, ಆಮೇಲೆ ನೋಡಿದರೆ ಬರೀ ಕಡ್ಡಿ. ಕೈ ಸಾಲದೆ ನನ್ನನ್ನು ಕರೆಸಿಕೊಂಡಿದ್ದರು.

9ನೇ ತಾರೀಖು ಫೋನಿನಲ್ಲಿ ಸುದ್ದಿ ಬಂತು. ಉರಗಧರ ನಕ್ಷತ್ರಪುಂಜದ ಆರ್‌ಎಸ್ ಓಫಿಯುಕಿ ಎಂಬ ನಕ್ಷತ್ರ ಸಿಡಿದಿದೆ! ಬ್ರೆಜಿಲ್‌ನ ಅಲೆಕ್ಸಾಂಡ್ರೆ ಅಮೊರಿಮ್, ಐರ್ಲೆಂಡ್‌ನ ಕೀತ್ ಗಿಯರಿ ಇಬ್ಬರೂ ಅದನ್ನು ಬೇರೆ ಬೇರೆಯಾಗಿ ಗುರುತಿಸಿದ್ದರು. ಇಬ್ಬರೂ ಹವ್ಯಾಸಿಗಳೇ. ನನ್ನ ಬೈನಾಕ್ಯುಲರ್‌ಗೆ ಎಂದೂ ಸಿಗದ ಮಂಕು ನಕ್ಷತ್ರ ನೂರಾರು ಪಟ್ಟು ಬೆಳಗಿ ಬರಿಗಣ್ಣಿಗೂ ಕಾಣುವಂತಾಗಿತ್ತು. ಆದರೆ ಅವತ್ತು ಆಕಾಶ ಪೂರ್ತಿ ಮೋಡ. ಆಗಸ್ಟ್ ಅಲ್ವಾ.

ಮಾರನೇ ರಾತ್ರಿ ಎಂಟೂವರೆಗೆ ನೆತ್ತಿಯ ಹತ್ತಿರ ಮೋಡ ಹರಿಯಿತು. ಅಮಾವಾಸ್ಯೆ ಕಳೆದು ಎರಡೇ ದಿನ, ಚಂದ್ರನ ಕಾಟವಿಲ್ಲ. ಟಾರ್ಚಿಗೆ ಅತ್ತೆಯ ಕೆಂಪು ರವಿಕೆ ಕಣ ಸುತ್ತಿಕೊಂಡು ಮಹಡಿ ಹತ್ತಿದೆ. ಕೆಂಪು ಬೆಳಕಾದರೆ ಕತ್ತಲಿಗೆ ಒಗ್ಗಿದ ಕಣ್ಣು ಕೆಡುವುದಿಲ್ಲ.

ನೋವಾ, ಅಂದರೆ ಹೀಗೆ ಸಿಡಿದು ದಿಢೀರನೆ ಬೆಳಗುವ ನಕ್ಷತ್ರ. ಅದರ ಹೊಳಪು ಅಳೆಯುವ ಕೆಲಸ ಸರಳ. ಅದಕ್ಕಿಂತ ತುಸು ಪ್ರಕಾಶದ್ದೊಂದು, ತುಸು ಮಂಕಾದದ್ದೊಂದು, ಹೊಳಪು ಗೊತ್ತಿರುವ ಎರಡು ನಕ್ಷತ್ರ ಹುಡುಕಿಕೊಳ್ಳಬೇಕು. ನಮ್ಮದು ಇವುಗಳ ನಡುವೆ ಎಲ್ಲಿ ಕೂರುತ್ತದೆ ಎಂದು ಅಂದಾಜು ಮಾಡಬೇಕು. ನಕ್ಷೆಯಲ್ಲಿ ಹೊಳಪಿನ ಅಂಕಿ 4.6 ಇದ್ದರೆ 46 ಎಂದೇ ಬರೆದಿರುತ್ತಾರೆ. ಚುಕ್ಕೆ ಇಟ್ಟರೆ ಅದೂ ಒಂದು ನಕ್ಷತ್ರದಂತೆ ಕಾಣುತ್ತದಲ್ಲ! ಪಕ್ಕದಲ್ಲೇ ಇದ್ದ ಮ್ಯೂ ಓಫಿಯುಕಿ ನಕ್ಷತ್ರದ್ದು 46. ನೋಡಿದೆ. ಎರಡೂ ಸಮ ಅನ್ನಿಸಿತು. 4.6 ಎಂದು ಬರೆದುಕೊಂಡೆ.

ಅಷ್ಟರಲ್ಲಿ ಮಾವ ಬೀಡಿ ಹಚ್ಚಲು ಮೇಲೆ ಬಂದರು. ಬೆಂಕಿಕಡ್ಡಿ ಗೀರುವ ಮೊದಲೇ ತಡೆದು, ಬೈನಾಕ್ಯುಲರ್ ಕೈಗಿತ್ತು, ಎರಡು ನಕ್ಷತ್ರ ತೋರಿಸಿ, ಯಾವುದು ಜಾಸ್ತಿ ಹೊಳೆಯುತ್ತದೆ ಎಂದೆ. ಸುಮಾರು ಹೊತ್ತು ನೋಡಿದರು.

"ನಿನ್ನ ಹೊಸದೇ ಮಂಕು ಕಣೋ. ಜಾಸ್ತಿ ಏನಲ್ಲ, ಒಂಚೂರು."

"ಸಮ ಇಲ್ವಾ ಮಾವ? ಎಲ್ಲರೂ 4.6 ಅಂತಲೇ ಹಾಕಿದ್ದಾರೆ."

"ಎಲ್ಲರದ್ದು ನೋಡ್ಕೊಂಡು ಆಮೇಲೆ ಇದನ್ನ ನೋಡಿದ್ಯಾ?"

ನೋಡಿದ್ದೆ. ಸಂಜೆಯಿಂದ ಫೋನಿನಲ್ಲಿ ಬೇರೆ ಹವ್ಯಾಸಿಗಳು ಹಾಕಿದ ಅಂಕಿಗಳನ್ನೇ ನೋಡುತ್ತಿದ್ದೆ.

ಮಾವ ಮೊದಲು ರೀಲರ್, ಗೂಡು ಕೊಂಡು ನೂಲು ತೆಗೆಯುವವರು. ಒಂದು ಹಿಡಿ ಗೂಡು ಕೈಗೆ ತೆಗೆದುಕೊಂಡು, ಒತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ಬೆಲೆ ಕಟ್ಟುತ್ತಿದ್ದವರು. "ಪಕ್ಕದ ಲಾಟಿನ, ಅಂದ್ರೆ ಪಕ್ಕದ ಗೂಡಿನ ರಾಶಿಯ ರೇಟು ಕಿವಿಗೆ ಬಿದ್ರೆ ಮುಗೀತು. ಕೈ ಅದನ್ನೇ ಹೇಳುತ್ತೆ" ಎಂದರು. ನಾನು ಕಣ್ಣು ಮುಚ್ಚಿ, ತೆರೆದು, ಮತ್ತೆ ನೋಡಿದೆ. ಮಾವ ಹೇಳಿದ್ದೇ ಸರಿ. 4.6 ಹೊಡೆದು ಹಾಕಿ 4.8 ಬರೆದೆ. (ಈಗ ಮಾವನ ರೇಟು ನನ್ನ ಕಿವಿಗೆ ಬಿದ್ದಿತ್ತು, ಅದು ಬೇರೆ ಮಾತು.)

"ನಂಬರ್ ಜಾಸ್ತಿ ಆದ್ರೆ ಬೆಳಕು ಕಡಿಮೆನಾ? ಯಾವ ಸೀಮೆ ಲೆಕ್ಕ!" ಎಂದು ನಕ್ಕರು. ಆಮೇಲೆ, "ಸಿಡಿದ ಮೇಲೆ ಸತ್ತಂಗೆ ತಾನೇ?" ಎಂದು ಕೇಳಿದರು.

ಸಾಯಲ್ಲ ಎಂದೆ. ಅಲ್ಲಿರುವುದು ಜೋಡಿ ನಕ್ಷತ್ರ. ಒಂದು ಕೆಂಪು ದೈತ್ಯ, ಇನ್ನೊಂದು ಪುಟ್ಟ ಶ್ವೇತಕುಬ್ಜ. ದೈತ್ಯನ ಅನಿಲ ಕುಬ್ಜನ ಮೈಮೇಲೆ ಬೀಳುತ್ತಾ, ಪದರ ದಪ್ಪವಾಗಿ, ಒತ್ತಡ ಮಿತಿ ಮೀರಿದಾಗ ಹೈಡ್ರೋಜನ್ ಬಾಂಬಿನಂತೆ ಹೊತ್ತಿಕೊಳ್ಳುತ್ತದೆ. ಪದರ ಹಾರಿಹೋಗುತ್ತದೆ, ಕುಬ್ಜ ಉಳಿಯುತ್ತದೆ. ಮತ್ತೆ ಮೊದಲಿನಿಂದ ಶುರು. ಇದು 1898, 1933, 1958, 1967, 1985, 2006ರಲ್ಲೂ ಸಿಡಿದಿತ್ತು.

"ಬೆಳೆ ಇದ್ದಂಗೆ. ಆದ್ರೆ ಅಳತೆ ಇಲ್ಲದ ಬೆಳೆ" ಎಂದರು ಮಾವ. ತಡೆದು, "85ರಲ್ಲಿ ನಾನು ಚರಕ ತಿರುಗಿಸ್ತಿದ್ದೆ. ತಲೆ ಎತ್ತಿ ನೋಡಿದ ನೆನಪೇ ಇಲ್ಲ."

ಈಗಿನ ಬಾಂಗ್ಲಾದೇಶದಲ್ಲಿರುವ ಜೆಸ್ಸೋರಿನ ರಾಧಾಗೋವಿಂದ ಚಂದ್ರರ ವಿಷಯ ಹೇಳಿದೆ. ಖಜಾನೆ ಕಚೇರಿಯ ನೌಕರ. 1918ರಲ್ಲಿ ಗರುಡ ಪುಂಜದ ನೋವಾ ನೋಡಿದವರು. ಹೊಳಪು ಬದಲಾಗುವ ನಕ್ಷತ್ರಗಳನ್ನು ನೋಡುವವರ ಅಮೆರಿಕದ ಸಂಘ ಎಎವಿಎಸ್‌ಒಗೆ ವರ್ಷಗಟ್ಟಲೆ ಲೆಕ್ಕ ಕಳಿಸಿದವರು. "ಸಂಬಳ ಕೊಟ್ರಾ?" ಎಂದರು ಮಾವ. ಇಲ್ಲ, ದೂರದರ್ಶಕ ಕಳಿಸಿಕೊಟ್ಟರು ಎಂದೆ. ಅದು ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು. ಕೆಳಗಿನಿಂದ ಅತ್ತೆ ಕೂಗಿದರು. ಸೊಪ್ಪು ಹಾಕುವ ಹೊತ್ತಾಗಿತ್ತು.

ಮುಂದಿನ ಮೂರು ರಾತ್ರಿ ಬರೀ ಮೋಡ. ನನ್ನ ಪುಸ್ತಕದಲ್ಲಿ ಆ ಸಾಲುಗಳು ಖಾಲಿ. 14ರಂದು ಒಂದಿಷ್ಟು ಹೊತ್ತು ಆಕಾಶ ಬಿಟ್ಟಿತು. ಅವತ್ತು ಫೋನನ್ನು ಕೆಳಗೇ ಇಟ್ಟು ಬಂದಿದ್ದೆ. ನಕ್ಷತ್ರದ ಹೊಳಪು ಚೆನ್ನಾಗಿಯೇ ಇಳಿದಿತ್ತು. ಪೆನ್ನು ತೆಗೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಮಾವನ ಹೆಜ್ಜೆ.

"ತಾಳು, ನಿಂದು ಹೇಳ್ಬೇಡ" ಎಂದು ಬೈನಾಕ್ಯುಲರ್ ಕಿತ್ತುಕೊಂಡರು.